ಮೊದಲು ಒರೆ, ಆಮೇಲೆ ಕೋವಿ: ಕುದುರೆಯೇರಿ ಎಲ್ಕ್ ಬೇಟೆಗೆ ಹೊರಡುವವರಿಗೆ ಸಮಗ್ರ ಮಾರ್ಗದರ್ಶಿ

ಕುದುರೆಯ ಮೇಲೆ ಒಂದು ವಾರದ ಎಲ್ಕ್ ಬೇಟೆಗೆ ಹೋದವರು ದಿನಕ್ಕೆ ಐದಾರು ಗಂಟೆ ಜೀನಿನ ಮೇಲೆಯೇ ಇರುತ್ತಾರೆ. ಅಷ್ಟು ಹೊತ್ತೂ ಅವರ ಕೋವಿ ತೊಗಲಿನ ಒರೆಯೊಳಗೆ, ಕುದುರೆಯ ಪಕ್ಕೆಗೂ ಸವಾರನ ಮೊಣಕಾಲಿಗೂ ನಡುವೆ, ಬೆವರು ಹೀರುತ್ತ, ಕೊಂಬೆಗಳಿಗೆ ಉಜ್ಜಿಕೊಳ್ಳುತ್ತ, ಹೆಜ್ಜೆ ಹೆಜ್ಜೆಗೂ ಅಲುಗುತ್ತ ಇರುತ್ತದೆ. ಅದು ಭುಜಕ್ಕೇರಿ ಗುಂಡು ಹಾರಿಸುವುದು, ಅದೃಷ್ಟವಿದ್ದರೆ, ವಾರಕ್ಕೆ ಒಂದೇ ಸಲ. ಆದರೆ ಕೋವಿ ಕೊಳ್ಳಲು ಹೊರಟ ಬಹುತೇಕರು ಆ ಒಂದು ಗಳಿಗೆಯನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಯಾವ ತೋಟಾ, ಎಷ್ಟು ವೇಗ, ಎಷ್ಟು ದೂರ ಎಂಬಲ್ಲಿಂದ ಮಾತು ಶುರುವಾಗುತ್ತದೆ. ನಾನೂ ಅಲ್ಲಿಂದಲೇ ಶುರು ಮಾಡಿದ್ದೆ. ಅಮೆರಿಕದ ಕೊಲೊರಾಡೊದ ಬೆಟ್ಟಗಳಲ್ಲಿ ಕೆಲವು ಹೇಮಂತಗಳನ್ನು ಜೀನಿನ ಮೇಲೆ ಕಳೆದ ಮೇಲೆ ಆ ಕ್ರಮವನ್ನು ಪೂರ್ತಿ ತಿರುಗಿಸಿಕೊಂಡಿದ್ದೇನೆ. ಮೊದಲು ಒರೆ, ಆಮೇಲೆ ಕೋವಿ, ಕೊನೆಗೆ ತೋಟಾ. ಈ ಮಾರ್ಗದರ್ಶಿ ಅದೇ ಕ್ರಮದಲ್ಲಿ ಸಾಗುತ್ತದೆ.

ಎಲ್ಕ್ ಎಂದರೆ ಏನೆಂದು ಊರಿನವರು ಕೇಳಿದಾಗ ನಮ್ಮ ಕಡವೆಯ ನೆಂಟ ಎಂದು ಹೇಳುತ್ತೇನೆ. ಎರಡೂ ಒಂದೇ ಜಿಂಕೆ ಕುಟುಂಬಕ್ಕೆ ಸೇರಿದವು. ಬೆಳೆದ ಗಂಡು ಎಲ್ಕ್ 300ರಿಂದ 350 ಕಿಲೋ ತೂಗುತ್ತದೆ, ಹೆಣ್ಣು ಸುಮಾರು 225 ಕಿಲೋ. ದಪ್ಪ ಚರ್ಮ, ಅಗಲವಾದ ಮೂಳೆ, ಏಟು ತಿಂದರೂ ಕಣಿವೆ ದಾಟಿ ಓಡುವ ಛಲ ಅದರದು. ಮಲೆನಾಡಿನ ನಮ್ಮ ಮನೆಯಲ್ಲಿ ಗದ್ದೆ ಕಾಯಲು ಪರವಾನಗಿಯ ಜೋಡುನಳಿಗೆ ತೋಟಾಕೋವಿ ಇತ್ತು. ಅದರ ಚರೆ ಈಡಿನ ಅನುಭವ ಇಲ್ಲಿ ಏನೇನೂ ಸಾಲದು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಬೇಟೆ ಅಪರಾಧ. ಅಮೆರಿಕದಲ್ಲಿ ರಾಜ್ಯ ಸರ್ಕಾರಗಳೇ ಹಿಂಡಿನ ಗಾತ್ರ ನೋಡಿ ಪರವಾನಗಿ ಕೊಡುತ್ತವೆ, ಆ ಹಣ ವನ್ಯಜೀವಿ ನಿರ್ವಹಣೆಗೆ ಹೋಗುತ್ತದೆ. ಇಲ್ಲಿ ಬರೆಯುವುದೆಲ್ಲ ಆ ವ್ಯವಸ್ಥೆಯೊಳಗಿನ ಮಾತು.

ಕೋವಿ ಮುಟ್ಟುವ ಮುನ್ನ ಕಾಗದ

ಅಮೆರಿಕದಲ್ಲಿರುವ ಕನ್ನಡಿಗರಲ್ಲಿ ಅನೇಕರಿಗೆ ತಿಳಿಯದ ಒಂದು ವಿಷಯವನ್ನು ಮೊದಲೇ ಹೇಳಬೇಕು. ಎಚ್-1ಬಿ, ಎಲ್-1, ಎಫ್-1ನಂಥ ತಾತ್ಕಾಲಿಕ ವೀಸಾದ ಮೇಲೆ ಬಂದವರು ಕೋವಿಯನ್ನಾಗಲಿ ತೋಟಾವನ್ನಾಗಲಿ ವಶದಲ್ಲಿ ಇಟ್ಟುಕೊಳ್ಳುವುದನ್ನು ಅಲ್ಲಿನ ಕೇಂದ್ರ ಕಾನೂನು ನಿಷೇಧಿಸುತ್ತದೆ. ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇದ್ದವರಿಗೆ ವಿನಾಯಿತಿ ಇದೆ. ಗೆಳೆಯನ ಕೋವಿಯನ್ನು ಅಭ್ಯಾಸಕ್ಕೆಂದು ಕೈಗೆ ತೆಗೆದುಕೊಳ್ಳುವ ಮುನ್ನವೂ ಇದು ನೆನಪಿರಲಿ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತೊಡಕಿಲ್ಲ. ಸಂದೇಹವಿದ್ದರೆ ವಲಸೆ ವಕೀಲರನ್ನು ಕೇಳಿ. ಇಲ್ಲಿ ತಪ್ಪಿದರೆ ಕೋವಿಯ ಜೊತೆಗೆ ವೀಸಾ ಕೂಡ ಹೋಗುತ್ತದೆ.

ಪರವಾನಗಿಗೆ ಮುಂಚೆ ಬೇಟೆ ಶಿಕ್ಷಣದ ತರಗತಿ ಮುಗಿಸಿರಬೇಕು. ಕೊಲೊರಾಡೊದಲ್ಲಿ 1949ರ ಜನವರಿ 1 ಅಥವಾ ಆಮೇಲೆ ಹುಟ್ಟಿದವರೆಲ್ಲರಿಗೂ ಇದು ಅನ್ವಯಿಸುತ್ತದೆ. ಅಲ್ಲಿ ಎಲ್ಕ್ ಬೇಟೆಯ ರೈಫಲ್‌ಗೆ ನಳಿಗೆಯೊಳಗೆ ಕನಿಷ್ಠ .24 ಅಂಗುಲದ ವ್ಯಾಸ, ಕನಿಷ್ಠ 85 ಗ್ರೇನ್ (ಸುಮಾರು 5.5 ಗ್ರಾಂ) ತೂಕದ, ಬಡಿದಾಗ ಹಿಗ್ಗುವ ಗುಂಡು, 100 ಗಜದಲ್ಲಿ 1000 ಅಡಿ-ಪೌಂಡ್ ಶಕ್ತಿ, ಕನಿಷ್ಠ 16 ಅಂಗುಲದ ನಳಿಗೆ ಇರಬೇಕು. ಮೈಮೇಲೆ 500 ಚದರ ಅಂಗುಲದಷ್ಟು ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಬಣ್ಣದ ಬಟ್ಟೆ ಬೇಕು. ವಯೋಮಿಂಗ್‌ನಲ್ಲಿ ಇನ್ನೊಂದು ನಿಯಮ ಇದೆ. ಹೊರರಾಜ್ಯದವರು ಕಾನೂನಿನಿಂದ ವನ್ಯಪ್ರದೇಶವೆಂದು ಗುರುತಾದ ಕಾಡುಗಳಲ್ಲಿ ಗೈಡ್ ಅಥವಾ ಅನುಮತಿ ಪಡೆದ ಅಲ್ಲಿನ ನಿವಾಸಿ ಜೊತೆಗಿಲ್ಲದೆ ಎಲ್ಕ್ ಬೇಟೆಯಾಡುವಂತಿಲ್ಲ. ಆಯಾ ವರ್ಷದ ಸರ್ಕಾರಿ ಕೈಪಿಡಿಯನ್ನು ಪೂರ್ತಿ ಓದಿಕೊಂಡೇ ಮುಂದುವರಿಯಿರಿ.

ಎಂಥ ಕಾಡಿಗೆ ಹೋಗುತ್ತೀರಿ?

ಕುದುರೆ ಏಕೆ ಬೇಕಾಗುತ್ತದೆ ಎಂಬುದರಲ್ಲಿ ಅರ್ಧ ಉತ್ತರ ಇದೆ. 1964ರ ವನ್ಯಪ್ರದೇಶ ಕಾಯ್ದೆ ಗುರುತಿಸಿದ ಕಾಡುಗಳೊಳಗೆ ಜೀಪು, ಬೈಕು, ಸೈಕಲ್ ಯಾವುದೂ ಹೋಗುವಂತಿಲ್ಲ. ಮೊಂಟಾನಾದ ಬಾಬ್ ಮಾರ್ಷಲ್ 10 ಲಕ್ಷ ಎಕರೆಗೂ ದೊಡ್ಡದು. ಐಡಹೊದ ಫ್ರಾಂಕ್ ಚರ್ಚ್ 20 ಲಕ್ಷ ಎಕರೆ ಮೀರುತ್ತದೆ. ವಯೋಮಿಂಗ್‌ನ ಥರೋಫೇರ್ ಕಣಿವೆಯಂತೂ, ಅಲಾಸ್ಕಾ ಬಿಟ್ಟರೆ, ರಸ್ತೆಯಿಂದ ಅತಿ ದೂರದ ಜಾಗಗಳಲ್ಲಿ ಒಂದು. ಇಂಥಲ್ಲಿ 30 ಕಿಲೋಮೀಟರ್ ಒಳಗೆ 300 ಕಿಲೋದ ಪ್ರಾಣಿ ಬಿದ್ದರೆ ಮಾಂಸವನ್ನು ಹೊತ್ತು ತರಲು ಎರಡು ಹೇರುಕುದುರೆಗಳಾದರೂ ಬೇಕು. ಕುದುರೆಯಿಲ್ಲದವನು ಅಷ್ಟು ಒಳಗೆ ಬೇಟೆಯಾಡಿದರೆ ಮಾಂಸ ಕೊಳೆಯುತ್ತದೆ, ಅದು ಪಾಪವೂ ಹೌದು, ಅಪರಾಧವೂ ಹೌದು.

ಉಳಿದ ಅರ್ಧ ದೂರದ ಪ್ರಶ್ನೆ. ಒತ್ತಾದ ಸ್ಪ್ರೂಸ್ ಕಾಡಿನಲ್ಲಿ 60 ಗಜದ ಆಚೆ ಏನೂ ಕಾಣುವುದಿಲ್ಲ. ಮರಗಳ ಸಾಲಿನ ಮೇಲಿನ ಬಟ್ಟಲಿನಂಥ ಹುಲ್ಲುಗಾವಲುಗಳಲ್ಲಿ, ಸುಟ್ಟ ಕಾಡಿನ ಇಳಿಜಾರುಗಳಲ್ಲಿ, ಎದುರು ಬೆಟ್ಟದ ಪ್ರಾಣಿ 300 ಗಜದಲ್ಲಿ ಮೇಯುತ್ತಿರುತ್ತದೆ. ಕೊಲೊರಾಡೊದ ಫ್ಲಾಟ್ ಟಾಪ್ಸ್‌ನಲ್ಲಿ ಒಂದೇ ದಿನ ಎರಡೂ ಎದುರಾಗುತ್ತವೆ. ಔಟ್‌ಫಿಟರ್‌ಗೆ, ಅಂದರೆ ಕುದುರೆ, ಗುಡಾರ, ಗೈಡ್ ಒದಗಿಸುವ ಪರವಾನಗಿದಾರನಿಗೆ, ಫೋನ್ ಮಾಡಿ ಕಳೆದ ವರ್ಷ ಅವರ ಅತಿಥಿಗಳು ಎಷ್ಟೆಷ್ಟು ದೂರದಿಂದ ಹೊಡೆದರು ಎಂದು ಕೇಳಿ. ನಾನು ಮಾತನಾಡಿಸಿದವರೆಲ್ಲ ಹೇಳಿದ್ದು ಬಹುಪಾಲು 200 ಗಜದ ಒಳಗೆ ಎಂದೇ.

ಅದೇ ಫೋನ್‌ನಲ್ಲಿ ಇನ್ನೂ ಮೂರು ಪ್ರಶ್ನೆ ಕೇಳಿ. ಒರೆ ನಿಮ್ಮದೇ ಕೊಡುತ್ತೀರಾ? ಅದರ ಉದ್ದ ಎಷ್ಟು, ಸ್ಕೋಪ್, ಅಂದರೆ ಗುರಿ ನೋಡುವ ದುರ್ಬೀನು, ಹಿಡಿಸುತ್ತದೆಯೇ? ನಿಮ್ಮ ಕುದುರೆಗಳು ಗುಂಡಿನ ಸದ್ದಿಗೆ ಪಳಗಿವೆಯೇ? ಕೋವಿ ಅಂಗಡಿಗೆ ಹೋಗುವ ಮುನ್ನ ಈ ಉತ್ತರಗಳು ಕಾಗದದ ಮೇಲೆ ಇರಬೇಕು.

ಒರೆ

ನನ್ನ ಮೊದಲ ಪ್ರಯಾಣದ ಎರಡನೆಯ ಬೆಳಗ್ಗೆ, ಗೈಡ್ ಕೈ ಎತ್ತಿ ತಡೆದಾಗ, ಆಸ್ಪೆನ್ ಮರಗಳ ಅಂಚಿನಲ್ಲಿ ಒಂದು ಗಂಡು ನಿಂತಿತ್ತು, 120 ಗಜಕ್ಕಿಂತ ಹೆಚ್ಚಿಲ್ಲ. ಇಳಿದೆ, ಕೋವಿಯ ಬುಡ ಹಿಡಿದು ಎಳೆದೆ. ಬರಲಿಲ್ಲ. 50 ಮಿಲಿಮೀಟರ್ ಗಾಜಿನ ನನ್ನ ದೊಡ್ಡ ಸ್ಕೋಪ್, ರಾತ್ರಿಯ ಮಂಜಿಗೆ ಬಿಗಿದುಕೊಂಡಿದ್ದ ತೊಗಲಿನ ಬಾಯಿಗೆ ಸಿಕ್ಕಿಕೊಂಡಿತ್ತು. ಎರಡನೆಯ ಸಲ ಜಗ್ಗಿದಾಗ ಕುದುರೆ ಬೆದರಿ ಪಕ್ಕಕ್ಕೆ ಸರಿಯಿತು, ಕಲ್ಲು ಉರುಳಿತು, ಎಲ್ಕ್ ಮರಗಳೊಳಗೆ ಕರಗಿತು. ಆ ಕೋವಿಯ ತೋಟಾ ಆನೆಯನ್ನೂ ನಿಲ್ಲಿಸುತ್ತದೆ ಎಂಬ ನಂಬಿಕೆಯಲ್ಲಿ ಅದನ್ನು ಕೊಂಡಿದ್ದೆ. ಒರೆಯಿಂದ ಹೊರಬರದ ಕೋವಿಗೆ ತೋಟಾ ಯಾವುದಿದ್ದರೇನು?

ಒರೆ ಹೇಗಿರಬೇಕು? ದಪ್ಪ ಜೀನು-ತೊಗಲಿನದು ಅಥವಾ ಗಟ್ಟಿ ಪ್ಲಾಸ್ಟಿಕ್‌ನದು. ಕುದುರೆ ಮರಕ್ಕೆ ಒರಗಿದರೂ, ಮೈ ಕೆಳಗಾಗಿ ಹೊರಳಿದರೂ ಸ್ಕೋಪ್ ಮೇಲೆ ನೇರ ಪೆಟ್ಟು ಬೀಳದಂತೆ ಅದರ ಗೋಡೆ ಗಡುಸಾಗಿರಬೇಕು. ಮೆತ್ತನೆಯ ಬಟ್ಟೆಯ ಚೀಲ ಬೇಡವೇ ಬೇಡ. ಬಾಯಿಯ ಬಳಿ ಕೋವಿಯನ್ನು ಹಿಡಿದಿಡುವ ಒಂದು ಪಟ್ಟಿ, ತಳದಲ್ಲಿ ನೀರು ಇಳಿಯಲು ಸಣ್ಣ ತೂತು, ಹಿಮ ಬೀಳುವಾಗ ಬುಡಕ್ಕೆ ಮುಚ್ಚುವ ಟೋಪಿ ಇರಲಿ. ಟೋಪಿಯನ್ನು ಬೇಟೆಯ ಹೊತ್ತಿನಲ್ಲಿ ತೆಗೆದಿಡಿ, ಶಿಬಿರದಿಂದ ಶಿಬಿರಕ್ಕೆ ಹೋಗುವಾಗ ಮಾತ್ರ ಹಾಕಿ.

ಒರೆಯನ್ನು ಯಾವ ಬದಿಗೆ ಕಟ್ಟಬೇಕು ಎಂಬುದರ ಬಗ್ಗೆ ಪ್ರತಿ ಸವಾರನಿಗೂ ಒಂದು ಮತ ಇದೆ. ಎಡಬದಿಯಲ್ಲಿ, ರಿಕಾಪಿನ ಪಟ್ಟಿಯ ಕೆಳಗೆ, ಕೋವಿಯ ಬುಡ ಮುಂದಕ್ಕೂ ಮೇಲಕ್ಕೂ, ನಳಿಗೆಯ ಬಾಯಿ ಹಿಂದಕ್ಕೂ ಕೆಳಕ್ಕೂ ಇರುವಂತೆ ಕಟ್ಟುವುದು ಒಂದು ಕ್ರಮ. ಬಲಬದಿಯಲ್ಲಿ ಬುಡ ಹಿಂದಕ್ಕೆ ಬರುವಂತೆ ಕಟ್ಟುವುದು ಇನ್ನೊಂದು. ಎರಡನೆಯದರಲ್ಲಿ ಕುದುರೆ ಏರುವಾಗ ಕಾಲಿಗೆ ಅಡ್ಡಿ ಇರುವುದಿಲ್ಲ. ಆದರೆ ಏರು ಹತ್ತುವಾಗ ಕೋವಿ ಹಿಂದಕ್ಕೆ ಜಾರುತ್ತದೆ, ಕೊಂಬೆ ಸಿಕ್ಕಿ ಕಿತ್ತುಕೊಂಡು ಬಿದ್ದರೂ ನಿಮಗೆ ಕಾಣುವುದಿಲ್ಲ. ಇಳಿದ ಮೇಲೆ ಕುದುರೆಯನ್ನು ಸುತ್ತಿ ಹೋಗಬೇಕು, ಅಷ್ಟರಲ್ಲಿ ಕುದುರೆ ಕಿತ್ತುಕೊಂಡರೆ ಕೋವಿಯೂ ಅದರೊಂದಿಗೆ ಹೋಯಿತು. ನಾನು ಎಡಬದಿಯನ್ನೇ ಹೇಳುತ್ತೇನೆ. ಇಳಿಯುವುದು ಎಡಕ್ಕೆ, ಬುಡ ಕಣ್ಣೆದುರಿಗೆ, ಕೈಗೆ ನೇರವಾಗಿ ಸಿಗುತ್ತದೆ. ಕಡಿದಾದ ಇಳಿಜಾರಿನಲ್ಲಿ ಕೋವಿ ಮುಂದಕ್ಕೆ ಜಾರಬಹುದು, ಅದಕ್ಕೇ ಆ ಪಟ್ಟಿ.

ಕುದುರೆಯ ಬಗ್ಗೆ ಒಂದು ಮಾತು. ಸವಾರ, ಜೀನು, ಸಾಮಾನು ಎಲ್ಲ ಸೇರಿ ಕುದುರೆಯ ತೂಕದ ಐದನೇ ಒಂದು ಭಾಗ ಮೀರಬಾರದು ಎಂಬುದು ಕುದುರೆ ಸಾಕುವವರ ಹಳೆಯ ಲೆಕ್ಕ. 450 ಕಿಲೋದ ಬೆಟ್ಟದ ಕುದುರೆಗೆ ಅದು 90 ಕಿಲೋ. ಒರೆ, ಕೋವಿ ಸೇರಿ ಐದು ಕಿಲೋ ಒಂದೇ ಬದಿಗೆ ತೂಗಿದರೆ ಜೀನು ದಿನವಿಡೀ ಆ ಬದಿಗೆ ಎಳೆಯುತ್ತದೆ, ಬೆನ್ನಿನ ಮೇಲೆ ಹುಣ್ಣು ಏಳುತ್ತದೆ. ಇನ್ನೊಂದು ಬದಿಯ ಚೀಲದಲ್ಲಿ ಅಷ್ಟೇ ತೂಕ ಇಡಿ. ನೀರಿನ ಬಾಟಲಿ, ಹಗ್ಗ, ಮಳೆಯಂಗಿ ಸಾಕಾಗುತ್ತವೆ. ಸಂಜೆ ಜೀನು ಇಳಿಸಿದಾಗ ಒರೆ ತಾಗುವ ಜಾಗದ ಕೂದಲನ್ನು ಅಂಗೈಯಿಂದ ಸವರಿ ನೋಡಿ. ಕೂದಲು ಕೆದರಿದ್ದರೆ, ಮುಟ್ಟಿದಾಗ ಕುದುರೆ ಚರ್ಮ ಅದುರಿಸಿದರೆ, ಮರುದಿನ ಕಟ್ಟುವ ಕೋನ ಬದಲಾಯಿಸಿ. ನಮ್ಮನ್ನು ಹೊತ್ತು ಬೆಟ್ಟ ಹತ್ತುವ ಜೀವಕ್ಕೆ ಇಷ್ಟನ್ನು ಮಾಡಲೇಬೇಕು.

ಒರೆಯ ಅಳತೆ ಕೋವಿಯ ಅಳತೆಯನ್ನು ನಿರ್ಧರಿಸುತ್ತದೆ. ಕೋವಿಯ ಒಟ್ಟು ಉದ್ದ 107 ಸೆಂಟಿಮೀಟರ್, ಅಂದರೆ 42 ಅಂಗುಲದ ಆಸುಪಾಸಿನಲ್ಲಿದ್ದರೆ ಜೀನಿನ ಮೇಲೆ ಸಲೀಸು. 46 ಅಂಗುಲ ದಾಟಿದರೆ ನಳಿಗೆಯ ಬಾಯಿ ಕುದುರೆಯ ಹಿಂಗಾಲಿಗೆ ತಾಗತೊಡಗುತ್ತದೆ ಅಥವಾ ಬುಡ ಲಗಾಮಿಗೆ ಅಡ್ಡ ಬರುತ್ತದೆ.

ತೂಗುಪಟ್ಟಿ ಹಾಕಿ ಕೋವಿಯನ್ನು ಬೆನ್ನಿಗೇರಿಸಿಕೊಂಡು ಸವಾರಿ ಮಾಡುವುದನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಬಿದ್ದಾಗ ಉಕ್ಕಿನ ನಳಿಗೆ ಬೆನ್ನುಮೂಳೆಯ ಕೆಳಗೆ ಸಿಗುತ್ತದೆ.

ಕೋವಿಯ ಬಗೆ

ಕುದುರೆಗೆಂದೇ ಹುಟ್ಟಿದ ಕೋವಿ ಲಿವರ್ ಕೋವಿ, ಅಂದರೆ ಟ್ರಿಗರ್ ಸುತ್ತಲಿನ ಹಿಡಿಕೆಯನ್ನು ಕೆಳಕ್ಕೆಳೆದು ಮುಂದಿನ ತೋಟಾ ತುಂಬುವಂಥದ್ದು. ವಿಂಚೆಸ್ಟರ್ 1894ರ 20 ಅಂಗುಲ ನಳಿಗೆಯ ಕಾರ್ಬೈನ್ (ಗಿಡ್ಡ ಕೋವಿ) ಚಪ್ಪಟೆ, ಹಗುರ, ಪಕ್ಕಕ್ಕೆ ಚಾಚಿದ ಹಿಡಿಕೆ ಇಲ್ಲ. ಒರೆಯೊಳಗೆ ಕತ್ತಿಯಂತೆ ಇಳಿಯುತ್ತದೆ. ಅದರ .30-30 ತೋಟಾ 100-150 ಗಜದ ಒಳಗೆ, ಕಾಡಿನ ನಡುವೆ, ಎಲ್ಕ್‌ಗೆ ಸಾಲುತ್ತದೆ. ಬಯಲಿಗೆ ಬಂದರೆ ಸಾಲದು. ನಳಿಗೆಯ ಕೆಳಗಿನ ಕೊಳವೆಯಲ್ಲಿ ತೋಟಾಗಳು ಒಂದರ ಹಿಂದೆ ಒಂದು ಕೂರುವುದರಿಂದ ಚೂಪು ಮೂತಿಯ ಗಟ್ಟಿ ಗುಂಡು ಹಾಕುವಂತಿಲ್ಲ. ಅಲುಗಾಟಕ್ಕೆ ಅದರ ಚೂಪು ಮುಂದಿನ ತೋಟಾದ ಬೆನ್ನಲ್ಲಿರುವ, ಕಿಡಿ ಹೊತ್ತಿಸುವ ಪ್ರೈಮರ್‌ಗೆ ಬಡಿದರೆ ಅಪಾಯ. ಈ ತೊಡಕನ್ನು ಕಳಚಿದ ಲಿವರ್ ಕೋವಿಗಳೂ ಇವೆ. ಹಳೆಯ ಸ್ಯಾವೇಜ್ 99ರಲ್ಲಿ ತೋಟಾ ತುಂಬಿಡುವ ತಿರುಗುವ ಮ್ಯಾಗಜೀನ್ ಇದೆ. ಬ್ರೌನಿಂಗ್ ಬಿಎಲ್ಆರ್‌ನಲ್ಲಿ ಪೆಟ್ಟಿಗೆ ಮ್ಯಾಗಜೀನ್ ಇದ್ದು .308, .30-06ನಂಥ ತೋಟಾಗಳನ್ನೇ ಹಾರಿಸುತ್ತದೆ. ಹಳೆಯ ಸ್ಯಾವೇಜ್ 99 ಒಳ್ಳೆಯ ಸ್ಥಿತಿಯಲ್ಲಿ ಸಿಕ್ಕರೆ ಬಿಡಬೇಡಿ, ಕುದುರೆಗೆ ಅದಕ್ಕಿಂತ ಒಪ್ಪುವ ಕೋವಿಯನ್ನು ನಾನು ಹಿಡಿದಿಲ್ಲ.

ಆದರೆ ಹೊಸಬರಿಗೆ ಬೋಲ್ಟ್ ಕೋವಿಯನ್ನೇ, ಅಂದರೆ ಪಕ್ಕದ ಹಿಡಿಕೆಯನ್ನು ಎತ್ತಿ ಹಿಂದೆ ಮುಂದೆ ಎಳೆದು ತೋಟಾ ತುಂಬುವುದನ್ನೇ, ಹೇಳುತ್ತೇನೆ. ಮಂಜಿನಲ್ಲಿ, ಧೂಳಿನಲ್ಲಿ ಕೈಕೊಡುವುದು ಕಡಿಮೆ, ಬಿಚ್ಚಿ ಒರೆಸುವುದು ಸುಲಭ, ಚೇಂಬರ್, ಅಂದರೆ ಹಾರಿಸುವ ತೋಟಾ ಕೂರುವ ಗೂಡು, ಖಾಲಿಯೇ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ಆರಿಸುವಾಗ ನಾಲ್ಕು ಸಂಗತಿ ನೋಡಿ.

ಮೊದಲನೆಯದು ಸೇಫ್ಟಿ, ಅಂದರೆ ಗುಂಡು ಹಾರದಂತೆ ತಡೆಯುವ ಕೀಲು. 1936ರಿಂದ ಬಂದ ವಿಂಚೆಸ್ಟರ್ ಮಾಡೆಲ್ 70, ರುಗರ್ ಹಾಕ್‌ಐ ಮುಂತಾದವುಗಳಲ್ಲಿ ಮೂರು ನೆಲೆಯ ಸೇಫ್ಟಿ ಇರುತ್ತದೆ. ಪೂರ್ತಿ ಹಿಂದಕ್ಕೆ ಎಳೆದರೆ ಗುಂಡು ಹಾರದಂತೆ ತಡೆಯುವುದರ ಜೊತೆಗೆ ಬೋಲ್ಟ್ ಕೂಡ ಬಿಗಿಯುತ್ತದೆ, ಒರೆಗೆ ಉಜ್ಜಿ ಬೋಲ್ಟ್ ತೆರೆದುಕೊಳ್ಳುವುದಿಲ್ಲ. ನಡುವಿನ ನೆಲೆಯಲ್ಲಿ ಗುಂಡು ಹಾರದಿದ್ದರೂ ಬೋಲ್ಟ್ ತೆರೆದು ತೋಟಾ ತೆಗೆಯಬಹುದು. ದಿನಕ್ಕೆ ಹತ್ತು ಸಲ ಕುದುರೆ ಹತ್ತಿ ಇಳಿಯುವವನಿಗೆ ಇದು ದೊಡ್ಡ ನೆಮ್ಮದಿ.

ಎರಡನೆಯದು ಮ್ಯಾಗಜೀನ್. ಕಳಚುವ ಪೆಟ್ಟಿಗೆ ಕಾರಿಗೆ ಸರಿ, ಕುದುರೆಗೆ ಅಲ್ಲ. ಒರೆಯ ಅಂಚಿಗೆ ಗುಂಡಿ ಒತ್ತಿಕೊಂಡು ಮ್ಯಾಗಜೀನ್ ಎಲ್ಲೋ ದಾರಿಯಲ್ಲಿ ಉದುರಿದರೆ ಕೈಯಲ್ಲಿ ಉಳಿಯುವುದು ಒಂದೇ ಈಡಿನ ಕೋವಿ. ಕೋವಿಯೊಳಗೇ ಕೂತ, ಕೆಳಗೆ ಮುಚ್ಚಳವಿರುವ ಅಥವಾ ಮುಚ್ಚಳವೇ ಇಲ್ಲದ ಮ್ಯಾಗಜೀನ್ ಆರಿಸಿ. ಕಳಚುವುದೇ ಸಿಕ್ಕರೆ, ಗುಂಡಿ ಹೊರಗೆ ಚಾಚದೆ ಒಳಗೆ ಹುದುಗಿರುವುದನ್ನು ನೋಡಿ ಕೊಳ್ಳಿ, ಇನ್ನೊಂದನ್ನು ಕಿಸೆಯಲ್ಲಿ ಇಟ್ಟುಕೊಳ್ಳಿ.

ಮೂರನೆಯದು ನಳಿಗೆ. 22 ಅಂಗುಲ ಸಾಕು, 20 ಕೂಡ ನಡೆಯುತ್ತದೆ. ಭುಜಕ್ಕೆ ಬೀಳುವ ಒದೆತ ತಗ್ಗಿಸಲು ನಳಿಗೆಯ ಬಾಯಿಗೆ ತಿರುಗಿಸುವ ಮಝಲ್ ಬ್ರೇಕ್ ಬೇಡ. ಅದು ಉದ್ದವನ್ನೂ ಹೆಚ್ಚಿಸುತ್ತದೆ, ಸದ್ದನ್ನು ಪಕ್ಕಕ್ಕೆ ಎಸೆಯುತ್ತದೆ. ಬರಿಯ ರೈಫಲ್ ಸದ್ದೇ 160 ಡೆಸಿಬಲ್ ಆಸುಪಾಸಿನದು. ಪಕ್ಕದಲ್ಲಿ ನಿಂತ ಗೈಡ್‌ನ ಕಿವಿಗೂ ಕುದುರೆಯ ಕಿವಿಗೂ ಬ್ರೇಕ್ ಒಂದು ಶಿಕ್ಷೆ.

ನಾಲ್ಕನೆಯದು ಲೋಹ ಮತ್ತು ಹಿಡಿ. ಕುದುರೆಯ ಬೆವರು ಉಪ್ಪು. ನೀಲಿ ಬಣ್ಣದ ಉಕ್ಕು ಎರಡೇ ದಿನದಲ್ಲಿ ಕಿಲುಬು ಹಿಡಿಯುವುದನ್ನು ಕಂಡಿದ್ದೇನೆ. ಸ್ಟೇನ್‌ಲೆಸ್ ಉಕ್ಕು, ಪದರ ಮರದ ಅಥವಾ ಫೈಬರ್ ಹಿಡಿ ಈ ಕೆಲಸಕ್ಕೆ ಹೇಳಿದ್ದು. ವಾಲ್‌ನಟ್ ಮರದ ಚೆಲುವು ನನಗೂ ಇಷ್ಟ, ಆದರೆ ಒರೆ ಅದನ್ನು ವರ್ಷದಲ್ಲಿ ತಿಂದುಹಾಕುತ್ತದೆ.

ತೂಕ ಸ್ಕೋಪ್ ಸೇರಿ 3.4ರಿಂದ 3.8 ಕಿಲೋ ಇರಲಿ. ಕುದುರೆ ಹೊರುತ್ತದೆಯಲ್ಲ ಎಂದು ಭಾರದ ಕೋವಿ ಕೊಳ್ಳಬೇಡಿ. ಕೊನೆಯ ಒಂದು ಕಿಲೋಮೀಟರ್ ಯಾವಾಗಲೂ ನಡೆದೇ ಹೋಗುವುದು, ಅದೂ 3000 ಮೀಟರ್ ಎತ್ತರದಲ್ಲಿ, ಉಸಿರು ಸಾಲದ ಗಾಳಿಯಲ್ಲಿ. ತೀರಾ ಹಗುರವಾದರೆ ಒದೆತ ಹೆಚ್ಚು.

ತೋಟಾ

ಈಗ ತೋಟಾದ ಮಾತು. ಒರೆ, ಉದ್ದ, ತೂಕ ತೀರ್ಮಾನವಾದ ಮೇಲೆ ಇದು ಸುಲಭವಾಗುತ್ತದೆ. .300 ವಿಂಚೆಸ್ಟರ್ ಮ್ಯಾಗ್ನಂ 1963ರಿಂದ ಎಲ್ಕ್ ಬೇಟೆಗಾರರ ಮೆಚ್ಚಿನದು, ಶಕ್ತಿಯಲ್ಲಿ ಸಂದೇಹವಿಲ್ಲ. ಆದರೆ ಅದರ ಮದ್ದು ಪೂರ್ತಿ ಉರಿಯಲು 24ರಿಂದ 26 ಅಂಗುಲದ ನಳಿಗೆ ಬೇಕು, ಅಲ್ಲಿಗೆ ನಮ್ಮ ಒರೆಯ ಲೆಕ್ಕ ತಪ್ಪಿತು. ಒದೆತ ಅಷ್ಟೇ ತೂಕದ .30-06ಕ್ಕಿಂತ ಸುಮಾರು ಮೂರನೇ ಒಂದು ಭಾಗ ಜಾಸ್ತಿ. ಒದೆತಕ್ಕೆ ಹೆದರಿದ ಭುಜ ಟ್ರಿಗರ್ ಎಳೆಯುವ ಮುನ್ನವೇ ಮುದುಡುತ್ತದೆ, ಗುಂಡು ಹೊಟ್ಟೆಗೆ ಬೀಳುತ್ತದೆ. ಹೊಟ್ಟೆಗೆ ಏಟು ತಿಂದ ಎಲ್ಕ್ ಕತ್ತಲಾಗುವವರೆಗೂ ನಡೆಯುತ್ತದೆ, ಎಲ್ಲೋ ಸಿಗದ ಜಾಗದಲ್ಲಿ ನರಳಿ ಸಾಯುತ್ತದೆ. ಬೇಟೆಗಾರನ ಜೀವನದಲ್ಲಿ ಅದಕ್ಕಿಂತ ದೊಡ್ಡ ತಪ್ಪಿಲ್ಲ. ಹೆಚ್ಚು ಶಕ್ತಿಯ ತೋಟಾ ಆ ತಪ್ಪನ್ನು ಮುಚ್ಚುವುದಿಲ್ಲ, ಅನೇಕ ಸಲ ಅದೇ ತಪ್ಪನ್ನು ಹುಟ್ಟಿಸುತ್ತದೆ.

ಹಾಗಾಗಿ ನನ್ನ ಆಯ್ಕೆ ಹಳೆಯವು. .30-06 ಸ್ಪ್ರಿಂಗ್‌ಫೀಲ್ಡ್ ಅಮೆರಿಕದ ಸೈನ್ಯಕ್ಕೆಂದು 1906ರಲ್ಲಿ ಬಂದದ್ದು, ಹೆಸರಿನ 06 ಅದೇ ವರ್ಷ. 180 ಗ್ರೇನ್ ಗುಂಡನ್ನು ಸೆಕೆಂಡಿಗೆ ಸುಮಾರು 820 ಮೀಟರ್ ವೇಗದಲ್ಲಿ ಹಾರಿಸುತ್ತದೆ. 22 ಅಂಗುಲದ ನಳಿಗೆ ಅದಕ್ಕೆ ಸಾಕು. .308 ವಿಂಚೆಸ್ಟರ್ 1952ರದು. ತೋಟಾ ಗಿಡ್ಡವಾದ್ದರಿಂದ ಕೋವಿಯ ಬೋಲ್ಟ್ ಭಾಗವೂ ಗಿಡ್ಡ, ಒಟ್ಟು ಉದ್ದದಲ್ಲಿ ಸುಮಾರು ಅರ್ಧ ಅಂಗುಲ ಉಳಿತಾಯ, 20 ಅಂಗುಲದ ನಳಿಗೆಯಲ್ಲೂ ಚೆನ್ನಾಗಿ ಕೆಲಸ ಮಾಡುತ್ತದೆ. ಕುದುರೆಗೆ ಒಂದೇ ತೋಟಾ ಹೇಳು ಎಂದರೆ .308 ಎನ್ನುತ್ತೇನೆ. .270 ವಿಂಚೆಸ್ಟರ್ 1925ರಿಂದ ಈ ಬೆಟ್ಟಗಳಲ್ಲಿ ತನ್ನ ಕೆಲಸ ಮಾಡಿಕೊಂಡು ಬಂದಿದೆ, ನೇರ ಹಾರಾಟ, ಕಡಿಮೆ ಒದೆತ. ಮೈಕಟ್ಟು ಸಣ್ಣದಿರುವವರಿಗೆ 7 ಎಂಎಂ-08 ರೆಮಿಂಗ್ಟನ್ ಸೊಗಸು, ಅದರ ಒದೆತ .30-06ರ ಮೂರನೇ ಎರಡು ಭಾಗದಷ್ಟೇ. ತೆರೆದ ಇಳಿಜಾರಿನಲ್ಲಿ 300 ಗಜದ ಹೊಡೆತವೇ ಹೆಚ್ಚು ಎಂದು ಔಟ್‌ಫಿಟರ್ ಹೇಳಿದರೆ, ನೀವು ಆ ಒದೆತವನ್ನು ತಾಳಬಲ್ಲಿರಾದರೆ, 1962ರ 7 ಎಂಎಂ ರೆಮಿಂಗ್ಟನ್ ಮ್ಯಾಗ್ನಂ ನೋಡಬಹುದು. ಈಚೆಗೆ ಎಲ್ಲರ ಬಾಯಲ್ಲೂ ಇರುವ 6.5 ಕ್ರೀಡ್‌ಮೋರ್ ಒಳ್ಳೆಯ ಗುಂಡಿನೊಂದಿಗೆ, ಹತ್ತಿರದ ದೂರದಲ್ಲಿ ಎಲ್ಕ್ ಬೀಳಿಸುತ್ತದೆ, ಆದರೂ ನನ್ನ ಮೊದಲ ಆಯ್ಕೆ ಅದಲ್ಲ.

.308 ಮತ್ತು .30-06ಕ್ಕೆ ಇನ್ನೊಂದು ಲಾಭ ಇದೆ. ವಿಮಾನದಲ್ಲಿ ನಿಮ್ಮ ಪೆಟ್ಟಿಗೆ ತಪ್ಪಿಹೋದರೂ ಬೆಟ್ಟದ ಬುಡದ ಸಣ್ಣ ಊರಿನ ಅಂಗಡಿಯಲ್ಲೂ ಈ ಎರಡರ ತೋಟಾ ಸಿಗುವ ಸಂಭವ ಹೆಚ್ಚು.

ಕರಡಿಯ ಭಯಕ್ಕೆ ದೊಡ್ಡ ತೋಟಾ ಕೊಳ್ಳುವವರಿಗೆ ಒಂದು ಮಾತು. ಕೊಲೊರಾಡೊದಲ್ಲಿ ಈಗ ಗ್ರಿಜ್ಲಿ ಎಂಬ ದೊಡ್ಡ ಕರಡಿ ಇಲ್ಲ. ಬಾಬ್ ಮಾರ್ಷಲ್, ಥರೋಫೇರ್‌ಗಳಲ್ಲಿ ಇದೆ. ಅಲ್ಲಿ ಕರಡಿ ಸ್ಪ್ರೇ ಡಬ್ಬಿಯನ್ನು ನಿಮ್ಮ ಸೊಂಟದಲ್ಲೇ ಇಟ್ಟುಕೊಳ್ಳಿ, ಜೀನಿನ ಚೀಲದಲ್ಲಲ್ಲ. ಕರಡಿ ಕಂಡ ಕುದುರೆ ನಿಮಗಾಗಿ ಕಾಯುವುದಿಲ್ಲ.

ಗುಂಡು

ತೋಟಾಕ್ಕಿಂತ ಅದರ ಮೂತಿಯಲ್ಲಿ ಕೂತು ಹಾರಿಹೋಗುವ ಗುಂಡು ಮುಖ್ಯ. ಜಾನ್ ನಾಸ್ಲರ್ ಎಂಬವರು 1940ರ ದಶಕದಲ್ಲಿ ಕೆನಡಾದಲ್ಲಿ ಮೂಸ್ ಎಂಬ ದೈತ್ಯ ಜಿಂಕೆಯ ಬೇಟೆಗೆ ಹೋಗಿದ್ದಾಗ, ಒಣಗಿದ ಕೆಸರು ಮೆತ್ತಿದ ಅದರ ಭುಜಕ್ಕೆ ಬಡಿದ ಗುಂಡುಗಳು ಒಳಗೆ ಇಳಿಯದೆ ಮೇಲೆಯೇ ಒಡೆದುಹೋದವು. ಆ ಅನುಭವದಿಂದ ಅವರು ನಡುವೆ ತಾಮ್ರದ ಗೋಡೆಯಿರುವ ಪಾರ್ಟಿಷನ್ ಗುಂಡನ್ನು ರೂಪಿಸಿ 1948ರಲ್ಲಿ ಮಾರಾಟಕ್ಕೆ ತಂದರು. ಮುಂದಿನ ಅರ್ಧ ಹಿಗ್ಗುತ್ತದೆ, ಹಿಂದಿನ ಅರ್ಧ ಗಟ್ಟಿಯಾಗಿಯೇ ಆಳಕ್ಕೆ ಹೋಗುತ್ತದೆ. ಇಂದಿಗೂ ಎಲ್ಕ್‌ಗೆ ಅದು ಸಲ್ಲುತ್ತದೆ. ನಾನು ಈಗ ಬಳಸುವುದು ಬಾರ್ನ್ಸ್ ಟಿಎಸ್‌ಎಕ್ಸ್‌ನಂಥ ಪೂರ್ತಿ ತಾಮ್ರದ ಗುಂಡು. ಸೀಸದ ಚೂರು ಮಾಂಸದಲ್ಲಿ ಉಳಿಯುವುದಿಲ್ಲ, ಬಿಟ್ಟುಬಂದ ಕರುಳನ್ನು ತಿನ್ನುವ ಹದ್ದುಗಳಿಗೂ ವಿಷವಾಗುವುದಿಲ್ಲ. ಮಕ್ಕಳಿಗೆ ತಿನ್ನಿಸುವ ಮಾಂಸ ಎಂದಮೇಲೆ ನನಗೆ ಬೇರೆ ಕಾರಣ ಬೇಕಿರಲಿಲ್ಲ. .308, .30-06ಕ್ಕೆ 165ರಿಂದ 180 ಗ್ರೇನ್, .270ಕ್ಕೆ 130ರಿಂದ 150 ಗ್ರೇನ್ ಸಾಕು.

ಸ್ಕೋಪ್

ಚಿಕ್ಕದಿರಲಿ, ತಗ್ಗಾಗಿ ಕೂರಲಿ. 2-7 ಅಥವಾ 3-9 ಪಟ್ಟು ಹಿಗ್ಗಿಸುವ, ಮುಂದಿನ ಗಾಜು 40 ಮಿಲಿಮೀಟರ್ ಮೀರದ ಸ್ಕೋಪ್ ಒರೆಗೆ ಹಿಡಿಸುತ್ತದೆ. ಗುರಿ ತಿದ್ದುವ ತಿರುಗುಗುಂಡಿಗಳಿಗೆ ಮುಚ್ಚಳ ಇರಲೇಬೇಕು. ತೆರೆದ ಗುಂಡಿಗಳನ್ನು ಒರೆಯ ತೊಗಲು ನಿಮಗೆ ಗೊತ್ತಿಲ್ಲದಂತೆ ತಿರುಗಿಸಿಬಿಡುತ್ತದೆ. ಕುದುರೆ ಹತ್ತುವಾಗ ಯಾವಾಗಲೂ ಕಡಿಮೆ ಹಿಗ್ಗಿಸುವಿಕೆಗೆ ಇಟ್ಟಿರಿ, ಹತ್ತಿರದಲ್ಲಿ ಎದ್ದ ಪ್ರಾಣಿ ಆಗ ಮಾತ್ರ ಬೇಗ ಕಣ್ಣಿಗೆ ಸಿಗುತ್ತದೆ.

ಅಭ್ಯಾಸ: ಕಾಗದದ ತಟ್ಟೆ ಹೇಳುವ ದೂರ

ಗುರಿಯನ್ನು 200 ಗಜಕ್ಕೆ ಹೊಂದಿಸಿ. .30-06ರ 180 ಗ್ರೇನ್ ಗುಂಡು ಆಗ 100 ಗಜದಲ್ಲಿ ಐದಾರು ಸೆಂಟಿಮೀಟರ್ ಮೇಲೆ, 300 ಗಜದಲ್ಲಿ 20ರಿಂದ 22 ಸೆಂಟಿಮೀಟರ್ ಕೆಳಗೆ ಬೀಳುತ್ತದೆ. ಆಮೇಲೆ ಕೋವಿ ಊರಿ ಹೊಡೆಯುವ ಮೇಜನ್ನು ಬಿಡಿ. ಬೆಟ್ಟದಲ್ಲಿ ಮೇಜಿಲ್ಲ.

20 ಸೆಂಟಿಮೀಟರ್ ವ್ಯಾಸದ ಕಾಗದದ ತಟ್ಟೆ ಕಟ್ಟಿ. ಕೂತು, ಮಂಡಿಯೂರಿ, ಎರಡು ಕೋಲುಗಳ ಮೇಲೆ ಕೋವಿ ಇಟ್ಟು ಹೊಡೆಯಿರಿ. ಗುಂಡು ಹಾರಿಸುವ ಮೈದಾನದ ನಿಯಮ ಒಪ್ಪಿದರೆ, ಕೋವಿಯನ್ನು ಖಾಲಿ ಮಾಡಿ ಕೆಳಗಿಟ್ಟು, ನೂರು ಹೆಜ್ಜೆ ಓಡಿ ಬಂದು, ಎದೆ ಬಡಿಯುತ್ತಿರುವಾಗಲೇ ಹೊಡೆಯಿರಿ. ಐದಕ್ಕೆ ಐದೂ ತಟ್ಟೆಯೊಳಗೆ ಬೀಳುವ ದೂರ ಯಾವುದೋ ಅದೇ ನಿಮ್ಮ ದೂರ. ಅದು 150 ಗಜವಾದರೆ 150. ಗೈಡ್ ಎಷ್ಟೇ ಹುರಿದುಂಬಿಸಿದರೂ ಅದನ್ನು ದಾಟಬೇಡಿ. ನನ್ನ ದೂರ 220, ಅದನ್ನು ಮೊದಲ ದಿನವೇ ಗೈಡ್‌ಗೆ ಹೇಳಿಬಿಡುತ್ತೇನೆ, ಹೇಳಿದ ಮೇಲೆ ಆತನೇ ಹತ್ತಿರ ಕರೆದೊಯ್ಯುವ ದಾರಿ ಹುಡುಕುತ್ತಾನೆ.

ಇನ್ನೊಂದು ಅಭ್ಯಾಸ ಮನೆಯಲ್ಲೇ ಆಗಬೇಕು. ಒರೆಯನ್ನು ಮರದ ಕುದುರೆಗೋ ಬೇಲಿಗೋ ಕಟ್ಟಿ, ಖಾಲಿ ಕೋವಿಯನ್ನು ಕೈಗವಸು ಹಾಕಿಕೊಂಡೇ ಐವತ್ತು ಸಲ ಎಳೆದು ಇಡಿ. ಸಿಕ್ಕಿಕೊಳ್ಳುವುದೇನಿದ್ದರೂ ಇಲ್ಲೇ ಸಿಕ್ಕಿಕೊಳ್ಳಲಿ.

ಬೆಟ್ಟದಲ್ಲಿ

ವಿಮಾನದಲ್ಲಿ ಹೋಗುವುದಾದರೆ ಕೋವಿ ಖಾಲಿಯಾಗಿ, ಬೀಗ ಹಾಕಿದ ಗಟ್ಟಿ ಪೆಟ್ಟಿಗೆಯಲ್ಲಿ, ಲಗೇಜಿನ ಕೌಂಟರ್‌ನಲ್ಲಿ ಘೋಷಿಸಿ ಹೋಗಬೇಕು. ಶಿಬಿರ ತಲುಪಿದ ದಿನ ಸಂಜೆ, ಗೈಡ್ ತೋರಿಸಿದ ಸುರಕ್ಷಿತ ದಿಬ್ಬಕ್ಕೆ ಎದುರಾಗಿ ಎರಡು ಮೂರು ಗುಂಡು ಹಾರಿಸಿ ಗುರಿ ಪರೀಕ್ಷಿಸಿ. ಕುದುರೆ ಜಾರಿ ಬಿದ್ದ ದಿನವೂ ಇದೇ. 40 ತೋಟಾ ತಂದಿದ್ದರೆ ಈ ಲೆಕ್ಕಕ್ಕೆ ಸಾಕು.

ಒರೆಯಲ್ಲಿರುವಾಗ ಕೋವಿಯ ಚೇಂಬರ್ ಖಾಲಿ ಇರಬೇಕು. ಇದಕ್ಕೆ ವಿನಾಯಿತಿ ಇಲ್ಲ. ಸೇಫ್ಟಿಯನ್ನು ನಂಬಿ ತುಂಬಿದ ಕೋವಿಯನ್ನು ಒರೆಗಿಟ್ಟರೆ ಅದರ ಬಾಯಿ ನಿಮ್ಮ ಹಿಂದೆ ಬರುವ ಕುದುರೆಯ ಕಡೆಗೋ ನಿಮ್ಮದೇ ಕುದುರೆಯ ಕಾಲಿನ ಕಡೆಗೋ ಇರುತ್ತದೆ. ಎಲ್ಕ್ ಕಂಡಾಗ ಕ್ರಮ ಹೀಗೆ: ಲಗಾಮು ಕೈಯಲ್ಲಿ ಹಿಡಿದೇ ಇಳಿಯಿರಿ, ಕೋವಿ ಎಳೆಯಿರಿ, ಲಗಾಮನ್ನು ಗೈಡ್‌ಗೆ ಕೊಡಿ, ಕುದುರೆಯಿಂದ ಹತ್ತಿಪ್ಪತ್ತು ಹೆಜ್ಜೆ ದೂರ ಸರಿಯಿರಿ, ಆಮೇಲೆ ತೋಟಾ ಒಳಗೆ ನೂಕಿ. ಕುದುರೆಯ ಮೇಲಿಂದ, ಜೀನಿನ ಮೇಲೆ ಕೋವಿ ಊರಿ, ಕುದುರೆಯ ಕಿವಿಯ ಪಕ್ಕದಲ್ಲಿ ಎಂದೂ ಹೊಡೆಯಬೇಡಿ. ಈ ಕ್ರಮಕ್ಕೆ ಅರ್ಧ ನಿಮಿಷ ಹಿಡಿಯುತ್ತದೆ. ಅಷ್ಟರಲ್ಲಿ ಎಲ್ಕ್ ಹೋದರೆ ಹೋಗಲಿ.

ನಳಿಗೆಯ ಬಾಯಿಗೆ ಒಂದು ಸುತ್ತು ವಿದ್ಯುತ್ ಟೇಪ್ ಅಂಟಿಸಿ. ಹಿಮ, ಪೈನ್ ಸೂಜಿ, ಕುದುರೆಯ ಕೂದಲು ಒಳಗೆ ಹೋಗುವುದಿಲ್ಲ, ಗುಂಡಿಗೆ ಮುಂಚೆ ನುಗ್ಗುವ ಗಾಳಿಯೇ ಟೇಪನ್ನು ಹರಿದುಹಾಕುತ್ತದೆ. ಹೊರಡುವ ಮುನ್ನ ಬೋಲ್ಟಿನ ಎಣ್ಣೆಯನ್ನು ಪೂರ್ತಿ ಒರೆಸಿ. ಚಳಿಗೆ ಎಣ್ಣೆ ಗಟ್ಟಿಯಾಗಿ, ತೋಟಾ ಸಿಡಿಸುವ ಬೋಲ್ಟಿನೊಳಗಿನ ಸೂಜಿ ನಿಧಾನವಾಗಿ ಬಡಿಯುತ್ತದೆ, ತೋಟಾ ಸಿಡಿಯುವುದಿಲ್ಲ. ರಾತ್ರಿ ಕೋವಿಯನ್ನು ಒಲೆಯಿರುವ ಗುಡಾರದೊಳಗೆ ತರಬೇಡಿ. ಬೆಚ್ಚಗಿನ ಗಾಳಿಯ ತೇವ ತಣ್ಣನೆಯ ಉಕ್ಕಿನ ಮೇಲೆ ಕೂತು, ಬೆಳಗ್ಗೆ ಹೊರಗೆ ಒಯ್ದಾಗ ಹೆಪ್ಪುಗಟ್ಟುತ್ತದೆ. ಒಲೆಯಿಲ್ಲದ ಸಾಮಾನು ಗುಡಾರದಲ್ಲಿ, ಖಾಲಿ ಮಾಡಿ, ನೇರವಾಗಿ ನಿಲ್ಲಿಸಿ.

ಮನೆಗೆ ಬಂದ ಮೇಲೆ ಕೋವಿಯನ್ನು ಒರೆಯೊಳಗೆ ಬಿಡಬೇಡಿ. ತೊಗಲು ತಿಂಗಳುಗಟ್ಟಲೆ ತೇವ ಹಿಡಿದಿಟ್ಟುಕೊಳ್ಳುತ್ತದೆ. ನಳಿಗೆಗೆ ಎಣ್ಣೆ ಸವರಿ ಬೀಗದ ಕಪಾಟಿನಲ್ಲಿಡಿ. ಒರೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಬಿಸಿಲು ಬೀಳದ ಗೋಡೆಗೆ ಬಾಯಿ ಕೆಳಗಾಗಿ ತೂಗುಹಾಕಿ. ಒಣಗಿದ ಮೇಲೆ ಜೀನಿಗೆ ಹಚ್ಚುವ ಎಣ್ಣೆಯನ್ನೇ ಒರೆಗೂ ತೆಳುವಾಗಿ ಹಚ್ಚಿ, ಹೊಲಿಗೆ ಬಿಟ್ಟ ಕಡೆ ಮುಂದಿನ ಸೆಪ್ಟೆಂಬರಿಗೆ ಮೊದಲೇ ಹೊಲಿಸಿಕೊಳ್ಳಿ.